ಕಿಟಕಿಯ ಎತ್ತರಕ್ಕೊಂದು ನೆಲ

ಒಂದು ಮಧ್ಯಾಹ್ನ ಶೀಲಾವತಿ ಹಳೆಯ ಶಾಲಾ ವ್ಯಾನಿನೊಳಗೆ, ತಾವೇ ಹಾಸಿದ ಹೊಸ ಹಲಗೆಯ ಮೇಲೆ ಅಂಗಾತ ಮಲಗಿ ಕಿಟಕಿಯತ್ತ ನೋಡಿದರು. ಕಂಡದ್ದು ಒಂದು ಕರೆಂಟಿನ ತಂತಿ, ಒಂದು ಚೂರು ಆಕಾಶ. ರಸ್ತೆ ಇಲ್ಲ, ಜನ ಇಲ್ಲ. ಎದ್ದು ಕೂತವರು ಮತ್ತೊಮ್ಮೆ ಮಲಗಿ ನೋಡಿದರು ಎಂದು ವ್ಯಾನಿನ ಮಾಲೀಕ ಸುಲೈಮಾನ್ ಹೇಳುತ್ತಾರೆ.

ಆ ವ್ಯಾನು ಸಿದ್ಧವಾಗುತ್ತಿದ್ದುದು ಮಗಳು ದೀಪಶ್ರೀಗಾಗಿ. ಅವಳಿಗೆ ಮೂವತ್ತೊಂದು ವರ್ಷ. ಕೂರಲಾರಳು, ಮಾತಿಲ್ಲ; ಬಲಗೈ ಮಾತ್ರ ಸ್ವಲ್ಪ ಮೇಲೇಳುತ್ತದೆ. ಕಡಬದ ಕಡೆಯ ಗೇರುತೋಪುಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಶೀಲಾವತಿ ಬಸುರಿ, ತೋಪಿನಲ್ಲಿ ಗೇರುಬೀಜ ಹೆಕ್ಕುವ ಕೆಲಸ. ಮದ್ದು ಬೀಳುವಾಗ ತಲೆಗೆ ಬೈರಾಸು ಬಟ್ಟೆ ಸುತ್ತಿಕೊಳ್ಳಿ ಎಂದು ತೋಪಿನ ಮೇಲ್ವಿಚಾರಕರು ಹೇಳಿದ್ದರಂತೆ. ಹಾಗೆ ಹೇಳಿದವರ ಹೆಸರು ಶೀಲಾವತಿಗೆ ಈಗಲೂ ನೆನಪಿದೆ. ಅವರ ಮನೆಗೆ ಹೋಗಿ ಯಾರೂ ಏನನ್ನೂ ಕೇಳಲಿಲ್ಲ. ಪರಿಹಾರಕ್ಕೆ ಅರ್ಜಿ ಕೊಟ್ಟಾಗ ಕೇಳಿದ್ದೆಲ್ಲ ಶೀಲಾವತಿಯನ್ನೇ: ಆ ದಾಖಲೆ ಎಲ್ಲಿ, ಈ ಫೋಟೊ ಎಲ್ಲಿ, ಮಗಳನ್ನು ಯಾಕೆ ಕ್ಯಾಂಪಿಗೆ ತರಲಿಲ್ಲ.

ತಂದರೆ ಏನಾಗುತ್ತಿತ್ತು? ದೀಪಶ್ರೀ ಜೀವಮಾನದಲ್ಲಿ ವಾಹನ ಹತ್ತಿದ್ದೆಲ್ಲ ಆಸ್ಪತ್ರೆಗೆ, ಇಲ್ಲವೇ ತಪಾಸಣೆ ಶಿಬಿರಕ್ಕೆ. ಗಾಡಿ ಓಡುವಷ್ಟು ಹೊತ್ತು ಸುಮ್ಮನಿರುತ್ತಾಳೆ. ನಿಂತು ಇಂಜಿನ್ ಆಫ್ ಆದದ್ದೇ ತಡ, ಕಿರುಚಲು ಶುರು. ಇಂಜಿನ್ ನಿಂತ ಮೇಲೆ ಸೂಜಿ ಬರುತ್ತದೆಂದು ಅವಳಿಗೆ ಗೊತ್ತು. ಸೂಜಿಯಿಲ್ಲದ ಒಂದು ಪ್ರಯಾಣ ಮಾಡಿಸಬೇಕು, ಶೀಲಾವತಿಯ ಆಸೆ ಅಷ್ಟೇ ಇತ್ತು.

ನೆರೆಮನೆಯ ಪಂಕಜಾಕ್ಷಿ ಕೇಳಿದರು, "ನಡೀಲಿಕ್ಕೆ ಬಾರದವಳಿಗೆ ತಿರುಗಾಟ ಎಂತಕ್ಕೆ ಮಾರಾಯ್ತಿ?"

"ನಡೀಲಿಕ್ಕೆ ಬರುವವರು ಧರ್ಮಸ್ಥಳಕ್ಕೆ ನಡೆದೇ ಹೋಗುದಾ ಅಕ್ಕ? ಬಸ್ಸಿನಲ್ಲಿ ಕೂತೇ ಅಲ್ವಾ?"

ಪಂಕಜಾಕ್ಷಿ ಕೆಟ್ಟವರಲ್ಲ. ಅವರು ಬಾಯಿಬಿಟ್ಟು ಕೇಳಿದ್ದನ್ನು ನಾವು ಮನಸ್ಸಿನಲ್ಲೇ ಕೇಳುತ್ತೇವೆ. ಇಂಥ ಮಗಳಿಗೆ ಅಕ್ಕಿ ಕೊಡುತ್ತೇವೆ, ಮದ್ದು ಕೊಡುತ್ತೇವೆ, ವರ್ಷಕ್ಕೊಮ್ಮೆ ಡಯಾಪರ್ ಹಂಚಿ ಫೋಟೊ ತೆಗೆಸಿಕೊಳ್ಳುತ್ತೇವೆ. ಅವಳಿಗೂ ಏನೋ ನೋಡಬೇಕೆನ್ನಿಸಬಹುದು ಎಂದರೆ ಮಾತ್ರ ನಮಗೆ ಸಿಟ್ಟು ಬರುತ್ತದೆ.

ಶಾಲೆಯವರು ಬೇಡವೆಂದ ಮೇಲೆ ಆ ವ್ಯಾನು ಸುಲೈಮಾನರ ಮನೆಯ ಹಿಂದೆ ನಿಂತಿತ್ತು. "ನೀವು ಒಳಗೆ ಬೇಕಾದ್ದು ಮಾಡಿ ಶೀಲಕ್ಕ, ಓಡಿಸುದು ನಾನು" ಎಂದರು. ಶೀಲಾವತಿಯ ಗಂಡ ಸಂಕಪ್ಪ ಮರದ ಕೆಲಸದವರು, ತೀರಿಹೋಗಿ ಆರು ವರ್ಷ. ಅವರ ಗರಗಸ, ಉಳಿ, ಸುತ್ತಿಗೆ ಮನೆಯಲ್ಲಿದ್ದವು. ಬಾಗಿಲಿಗೆಂದು ಅವರು ಒಣಗಿಸಿಟ್ಟಿದ್ದ ಹಲಸಿನ ಹಲಗೆಗಳೂ ಅಟ್ಟದಲ್ಲಿದ್ದವು.

ಸೀಟು ಕಳಚಿದಾಗ ನೆಲದ ತಗಡನ್ನು ಎರಡು ಕಡೆ ತುಕ್ಕು ತಿಂದು ಕೆಳಗಿನ ಮಣ್ಣು ಕಾಣುತ್ತಿತ್ತು. ತೇಪೆ ಹಾಕಿ ಟಾರು ಬಳಿದು, ಮೇಲೆ ಹಲಗೆ ಹಾಸಿದರು. ಮಗಳು ಮಲಗುವ ಮೊದಲು ತಾನು ಮಲಗಿ ನೋಡಬೇಕು ಎಂದು ಆ ಮಧ್ಯಾಹ್ನ ಮಲಗಿದ್ದು.

ಎದ್ದು ಕೂತು ಅಂದರು, "ಮನೆಯಲ್ಲಿಯೂ ಹೀಗೇ ಅಲ್ವಾ ಸುಲೈಮಾನ್. ಮೂವತ್ತೊಂದು ವರ್ಷ ನಾನು ಅವಳಿಗೆ ಹೆಂಚು ತೋರಿಸಿದ್ದು."

"ಅನ್ನ ತಿನ್ನಿಸಿದ್ದು ನೀವೇ ಅಲ್ವಾ? ಅದು ಎಂತ ಸುಮ್ಮನೆಯಾ?"

"ಅನ್ನ ತಿನ್ನಿಸಿದೆ. ಒಂದು ದಿನ ಅವಳ ಪಕ್ಕ ಮಲಗಿ ಮೇಲೆ ನೋಡಲಿಲ್ಲ."

ಮರುದಿನ ಹಲಗೆಗಳನ್ನೆಲ್ಲ ಕಿತ್ತರು. ಒಂದೂಕಾಲು ಅಡಿ ಎತ್ತರಕ್ಕೆ ಕಾಲು ಕೊಟ್ಟು, ಕಿಟಕಿಯ ಅಂಚಿಗೆ ಸಮನಾಗಿ ಮತ್ತೆ ನೆಲ ಕಟ್ಟಿದರು. ಅವಳು ಉರುಳದಂತೆ ಸುತ್ತ ನಾಲ್ಕು ಬೆರಳಿನ ಪಟ್ಟಿ. ಮೇಲೆ, ಹಟ್ಟಿಯಲ್ಲಿ ದನಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟು, ತೊಳೆಯಲು ಸುಲಭ. ಕೆಳಗೆ ಉಳಿದ ಜಾಗವನ್ನು ಮೂರು ಭಾಗ ಮಾಡಿದರು: ಒಗೆದ ಬಟ್ಟೆಗೊಂದು, ನೀರು ಮತ್ತು ಗಂಜಿಯ ಪಾತ್ರೆಗೊಂದು, ಒದ್ದೆ ಬಟ್ಟೆಯ ಬಾಲ್ದಿಗೊಂದು. ದಾರಿಯಲ್ಲಿ ಇಂಜಿನ್ ಆಫ್ ಮಾಡುವಂತಿಲ್ಲವಲ್ಲ, ಎಲ್ಲವೂ ಒಳಗೇ ಇರಬೇಕು. ಮುಚ್ಚಳಗಳನ್ನು ಮೊದಲು ಮೇಲ್ಗಡೆಗೆ ಇಟ್ಟಿದ್ದರು.

"ಮುಚ್ಚಳ ಮೇಲೆ ಇಟ್ಟರೆ, ಬಟ್ಟೆ ತೆಗೆಯುವಾಗ ದೀಪಶ್ರೀಯನ್ನು ಎಲ್ಲಿ ಇಡುದು? ನನ್ನ ತಲೆ ಮೇಲಾ?" ಎಂದರು ಸುಲೈಮಾನ್.

ಶೀಲಾವತಿ ಬಹುಕಾಲದ ಮೇಲೆ ನಕ್ಕದ್ದು ಅವತ್ತು. ಮುಚ್ಚಳ ಹೋಗಿ, ಹಿಂಬಾಗಿಲಿನಿಂದ ಎಳೆಯುವ ಮೂರು ಪೆಟ್ಟಿಗೆಗಳಾದವು. ಹಿಡಿಯ ಬದಲು ಹಗ್ಗದ ಕುಣಿಕೆ.

ಜನವರಿಯ ಒಂದು ಬೆಳಿಗ್ಗೆ ದೀಪಶ್ರೀಯನ್ನು ಮಲಗಿಸಿ, ಸುಮ್ಮನೆ ತಿರುಗಾಡಿ ಬರಲು ಹೊರಟರು. ಸುಬ್ರಹ್ಮಣ್ಯದ ಹತ್ತಿರ ಬಸ್ಸುಗಳ ಸಾಲಿನಲ್ಲಿ ವ್ಯಾನು ಸಿಕ್ಕಿಕೊಂಡಿತು. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಮುದುಕಿಯೊಬ್ಬಳು ಕಿತ್ತಳೆ ಸುಲಿಯುತ್ತಿದ್ದಳು. ಕೆಳಗೆ ನೋಡಿದರೆ ಗಾಜಿನಾಚೆ ದೀಪಶ್ರೀ. ಒಂದು ತೊಳೆ ಎತ್ತಿ, ಬೇಕಾ ಎಂಬಂತೆ ತೋರಿಸಿದಳು. ದೀಪಶ್ರೀಯ ಬಲಗೈ ಮೇಲೆದ್ದಿತು. ಅಪರಿಚಿತರೊಬ್ಬರು ಅವಳನ್ನು ಏನಾಗಿದೆ ಎಂದು ಕೇಳದೆ, ಏನು ಬೇಕೆಂದು ಕೇಳಿದ್ದು ಅದೇ ಮೊದಲು.

ಸುಳ್ಯ ದಾಟಿ ಸಂಪಾಜೆಯಲ್ಲಿ ಬಟ್ಟೆ ಬದಲಿಸಲು ನಿಲ್ಲಲೇಬೇಕಾಯಿತು. ಹಳೆಯ ಇಂಜಿನ್ ಎಲ್ಲಿ ನಿಂತುಬಿಡುತ್ತದೋ ಎಂದು ಸುಲೈಮಾನ್ ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಶೀಲಾವತಿ ಹಿಂದಿನಿಂದ ಪೆಟ್ಟಿಗೆ ಎಳೆದು ಕೆಲಸ ಮುಗಿಸಿದರು. ದೀಪಶ್ರೀ ಕಿರುಚಲಿಲ್ಲ. ಸಂಜೆ ಮನೆ ಮುಟ್ಟುವಾಗ ನಿದ್ದೆ ಹೋಗಿದ್ದಳು.

ಆಮೇಲೆ ವ್ಯಾನಿನ ಫಿಟ್ನೆಸ್ ತಪಾಸಣೆಯ ದಿನ ಬಂತು.

"ಸೀಟು ಇಲ್ಲ, ಒಳಗೆ ಮರದ ಅಟ್ಟ. ಇದು ಎಂತ ಗಾಡಿ?" ಎಂದರು ಆರ್‌ಟಿಒ ಅಧಿಕಾರಿ.

"ಮಗಳು ಮಲಗಿ ಹೋಗುವ ಗಾಡಿ ಸರ್" ಎಂದರು ಶೀಲಾವತಿ.

"ಹಾಗಾದರೆ ಆಂಬುಲೆನ್ಸ್ ಅಂತ ಮಾಡಿಸಿ ಅಮ್ಮ. ಬಿಳಿ ಬಣ್ಣ, ಮೇಲೊಂದು ಲೈಟು, ಸೈರನ್. ಆಸ್ಪತ್ರೆಯ ಒಂದು ಪತ್ರ ತನ್ನಿ."

"ಆಸ್ಪತ್ರೆಗಲ್ಲ ಸರ್. ಸುಮ್ಮನೆ ಹೋಗಲಿಕ್ಕೆ."

"ಸುಮ್ಮನೆ ಹೋಗುದಕ್ಕೆ ಇದರಲ್ಲಿ ಕಾಲಂ ಇಲ್ಲ."

ನಿಯಮ ಬೇಡವೆನ್ನುತ್ತಿಲ್ಲ. ಆದರೆ ಮಂಚ, ಫ್ರಿಜ್ಜು, ಅಡುಗೆಕಟ್ಟೆ ಇಟ್ಟುಕೊಂಡ ಕ್ಯಾರವಾನುಗಳು ಇದೇ ಸಂಪಾಜೆ ಘಾಟಿ ಹತ್ತಿ ಕೊಡಗಿಗೆ ಹೋಗುತ್ತವೆ. ಅವು ಸುಮ್ಮನೆ ಹೋಗುವ ಗಾಡಿಗಳೇ. ಅವಕ್ಕೆ ಕಾಲಂ ಇದೆ. ತಾಯಿಯ ಹೊಟ್ಟೆಯಲ್ಲೇ ಮದ್ದಿನ ವಿಷ ಕುಡಿದ ಹುಡುಗಿ ಮಲಗಿ ಹೋಗಬೇಕಾದರೆ ಮಾತ್ರ ನಾವು ಸೈರನ್ ಕಟ್ಟುತ್ತೇವೆ.

"ಸೀಟು ಹಾಕಿ ಪಾಸು ಮಾಡಿಸಿ ಮತ್ತೆ ಕಳಚುವ" ಎಂದರು ಸುಲೈಮಾನ್.

ಶೀಲಾವತಿ ಒಪ್ಪಲಿಲ್ಲ. "ದಾರಿಯಲ್ಲಿ ಹಿಡಿದರೆ ಮೊದಲು ಇಂಜಿನ್ ಆಫ್ ಮಾಡು ಅಂತಾರೆ. ಅವಳಿಗೆ ಅಷ್ಟೇ ಸಾಕು. ನಿನ್ನ ಲೈಸೆನ್ಸಿಗೂ ತೊಂದರೆ."

ತಾವೇ ಕಟ್ಟಿದ್ದನ್ನು ತಾವೇ ಬಿಚ್ಚಿದರು. ವ್ಯಾನು ಪಾಸಾಯಿತು, ಈಗ ರಬ್ಬರ್ ಟ್ಯಾಪಿಂಗಿನವರನ್ನು ಕೊಂಡೊಯ್ಯುತ್ತದೆ. ಹಲಗೆಗಳು ಮನೆಯೊಳಗೆ ಬಂದವು. ಅದೇ ಕಾಲು, ಅದೇ ಪಟ್ಟಿ, ಅದೇ ಮೂರು ಪೆಟ್ಟಿಗೆ, ಈಗ ಮನೆಯ ಕಿಟಕಿಯ ಎತ್ತರಕ್ಕೆ. ದೀಪಶ್ರೀಗೆ ಹೆಂಚಿನ ಬದಲು ಮನೆಮುಂದಿನ ದಾರಿ ಕಾಣುತ್ತದೆ.

ದಿನಾ ಬೆಳಿಗ್ಗೆ ಕೆಲಸದವರನ್ನು ಇಳಿಸಿ ಬರುವಾಗ ಸುಲೈಮಾನ್ ಆ ಕಿಟಕಿಯ ಎದುರು ವ್ಯಾನು ನಿಲ್ಲಿಸುತ್ತಾರೆ. ಇಂಜಿನ್ ಆಫ್ ಮಾಡುವುದಿಲ್ಲ. ದೀಪಶ್ರೀ ಬಲಗೈ ಎತ್ತುತ್ತಾಳೆ. ಆ ಮನೆಯಲ್ಲಿ ಅದರ ಅರ್ಥ ಒಂದೇ: ನನ್ನನ್ನು ಎತ್ತಿಕೊಳ್ಳಿ.

"ನಾನು ಬೇರೆ ದಾರಿಯಲ್ಲಿ ಹೋಗ್ಲಾ ಶೀಲಕ್ಕ?" ಎಂದು ಅವರು ಒಮ್ಮೆ ಕೇಳಿದ್ದರು.

"ಬೇಡ, ಬಾ. ಅವಳು ಕಾಯ್ತಾಳೆ."

ವ್ಯಾನಿನ ಸದ್ದು ತಿರುವಿನಾಚೆ ಹೋದ ಮೇಲೂ ಆ ಕೈ ಇಳಿಯುವುದಿಲ್ಲ. ಶೀಲಾವತಿ ಅದನ್ನು ಮೆಲ್ಲಗೆ ಹಿಡಿದು ಇಳಿಸುತ್ತಾರೆ. ಆಮೇಲೆ ಬಗ್ಗಿ, ಹಗ್ಗದ ಕುಣಿಕೆ ಹಿಡಿದು ಪೆಟ್ಟಿಗೆ ಎಳೆದು, ಒಗೆದ ಬಟ್ಟೆ ತೆಗೆಯುತ್ತಾರೆ.