ಸಯಾಮಿನ ಬಿಳಿ ಸಾರು

ಹನ್ನೆರಡನೆಯ ವಯಸ್ಸಿನಲ್ಲಿ ನನಗೆ ವಿಷಮಜ್ವರ ಬಂದಿತ್ತು. ಜ್ವರವೇನೋ ಇಳಿಯಿತು, ಆದರೆ ನನ್ನ ಮನಸ್ಸಿನ್ನೂ ಪೂರ್ತಿಯಾಗಿ ಮನೆಗೆ ಮರಳಿರಲಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ, ಅಡುಗೆಮನೆಗೆ ಹೊಂದಿಕೊಂಡ ಪಡಸಾಲೆಯ ಕಿಟಕಿಯ ಕೆಳಗೆ ನನ್ನ ಹೊರಸು ಹಾಕಿದ್ದರು. ಅದರ ಮೇಲೆ ಹಗಲೆಲ್ಲ ಅರೆನಿದ್ದೆಯಲ್ಲಿ ತೇಲುತ್ತಿದ್ದೆ. ಕಿಟಕಿಯ ಬಿಳಿ ಪರದೆ ಅಲುಗಿದಾಗ ಮಾಡಿನ ತೊಲೆಗಳ ಮೇಲೆ ಬೆಳಕು ನೀರಿನಂತೆ ಹರಿಯುತ್ತಿತ್ತು. ಅಪ್ಪ ಕೆಲಸ ಮಾಡುತ್ತಿದ್ದ ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೂಗಿದರೆ ಯಾವುದೋ ದೊಡ್ಡ ಪ್ರಾಣಿ ದೂರದಲ್ಲಿ ಮಗ್ಗಲು ಬದಲಿಸಿದಂತೆ ಕೇಳಿಸುತ್ತಿತ್ತು. ಹೆದರಿಕೆಯಾಗಲಿ ಆಸೆಯಾಗಲಿ ಏನೂ ಇರಲಿಲ್ಲ. ಹಸಿವಂತೂ ಇರಲೇ ಇಲ್ಲ.

ನಮ್ಮ ಚರ್ಚಿನ ದವಾಖಾನೆಯ ಡಾಕ್ಟರಬಾಯಿ ಬಂದು ನಾಡಿ ಹಿಡಿದು ನೋಡಿದರು.

"ಇನ್ನ ಜ್ವರದ ಅಂಜಿಕಿ ಇಲ್ಲ. ಆದ್ರ ಈಕಿ ಹೊಟ್ಟಿಗೆ ತೊಗೋಬೇಕ್ರಿ. ತೆಳ್ಳಂದು ಏನರ ಕುಡಸ್ರಿ" ಎಂದರು.

ಅವ್ವ ರವೆಯ ಗಂಜಿ ಮಾಡಿದಳು, ನುಚ್ಚು ಬೇಯಿಸಿ ಸೋಸಿದಳು, ಕೋಳಿಯ ಸಾರು ಮಾಡಿದಳು. ಚಮಚೆ ತುಟಿಗೆ ಬಂದೊಡನೆ ನಾನು ಮುಖ ತಿರುಗಿಸುತ್ತಿದ್ದೆ. ನಮ್ಮ ಓಣಿಯಲ್ಲೇ ಅವ್ವನ ಕೈರುಚಿಗೆ ಹೆಸರಿತ್ತು. ಹೀಗೆ ಬಟ್ಟಲುಗಳು ತುಂಬಿದಂತೆಯೇ ಹಿಂದಿರುಗಿದಾಗ ಅವಳಿಗೆ ಹೇಗಾಗಿರಬೇಕೆಂಬುದು ನನಗೆ ಹೊಳೆದದ್ದು ನಾನೂ ತಾಯಿಯಾದ ಮೇಲೆ.

ಅಪ್ಪನ ತಂಗಿ ಆಗ ನಮ್ಮ ಮನೆಯಲ್ಲೇ ಇದ್ದಳು. ಅವಳ ಗಂಡ ಸಯಾಮ್ ದೇಶದಲ್ಲಿ, ಸಾಗುವಾನಿ ಕಟ್ಟಿಗೆಯ ವ್ಯಾಪಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬ್ಯಾಂಕಾಕಿನಲ್ಲಿ ಆರು ವರ್ಷ ಸಂಸಾರ ಮಾಡಿದ ಮೇಲೆ ಅವರು ತೀರಿಕೊಂಡರು. ಎರಡನೆಯ ಮಹಾಯುದ್ಧ ಇನ್ನೂ ಆ ಕಡೆಗೆ ಹಬ್ಬಿರಲಿಲ್ಲ. ಅತ್ತೆ ಒಂದು ಟ್ರಂಕಿನೊಂದಿಗೆ ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದಿಳಿದಳು. ಬಂದು ನಾಲ್ಕು ತಿಂಗಳಾಗಿದ್ದರೂ ಅತಿಥಿಯಂತೆಯೇ ಇದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಅವ್ವನ ಅಡುಗೆಮನೆಯ ಹೊಸ್ತಿಲನ್ನಂತೂ ದಾಟುತ್ತಿರಲಿಲ್ಲ.

ಒಂದು ಮುಂಜಾನೆ ಅವಳು ಆ ಹೊಸ್ತಿಲ ಮೇಲೆ ಬಂದು ನಿಂತಳು.

"ವೈನಿ, ನಾ ಒಂದ ಸಾರ ಮಾಡ್ಲೇನ್ರಿ? ಸಯಾಮದಾಗ ಮಾಡ್ತಾರ. ಕೋಳಿ, ಟೆಂಗಿನ ಹಾಲು, ಒಂದ ಥರದ ಬೇರು. ಬ್ಯಾನಿ ಬಿದ್ದು ಎದ್ದಾವರಿಗೆ ಕೊಡ್ತಾರ."

"ಮಸಾಲಿ ಹುರಿಯೂದಿಲ್ಲೇನು?" ಅವ್ವ ಕೇಳಿದಳು. "ಉಳ್ಳಾಗಡ್ಡಿ?"

"ಇಲ್ರಿ. ಬೆಳ್ಳಗ ಇರ್ತದ."

"ಬೆಳ್ಳಗಿರೋ ಕೋಳಿ ಸಾರು!" ಎಂದ ಅವ್ವ ನನ್ನ ಕಡೆ ನೋಡಿದಳು. ನಾನು ತೊಲೆಗಳ ಮೇಲಿನ ಬೆಳಕನ್ನು ನೋಡುತ್ತಿದ್ದೆ. "ಮಾಡವಾ. ನನ್ನ ಕೈದಂತೂ ಈಕಿ ಮುಟ್ಟವಲ್ಲಳು."

ಬೇಕಾದದ್ದನ್ನು ತರುವ ಕೆಲಸ ಅಪ್ಪನದಾಯಿತು. ಆ ಬೇರು ಶುಂಠಿಯ ಹಾಗಿರುತ್ತದೆ, ಆದರೆ ಶುಂಠಿಯಲ್ಲ, ಕರ್ಪೂರದಂಥ ವಾಸನೆ ಎಂದು ಅತ್ತೆ ಹೇಳಿದಳು. ಪೇಟೆಯಲ್ಲಿ ಗಿಡಮೂಲಿಕೆ ಮಾರುವ ಮುದುಕ ಅತ್ತಾರರು ವರ್ಣನೆ ಕೇಳಿ, ಡಬ್ಬಿಯೊಂದನ್ನು ತೆರೆದು ಕೆಂಪುಗಂದು ಬಣ್ಣದ ಒಣ ತುಂಡುಗಳನ್ನು ಕೊಟ್ಟರಂತೆ.

"ಇದು ಕುಲಂಜನ. ದನಿ ಹಸನ ಇರ್ಲಿ ಅಂತ ಹಾಡಾವರು ಬಾಯಾಗ ಇಟ್ಕೋತಾರ್ರಿ. ನಿಮ್ಮ ಮನ್ಯಾಗ ಯಾರ ಹಾಡ್ತಾರ?" ಎಂದು ಕೇಳಿದರಂತೆ.

"ಹಾಡಾಕಲ್ರಿ, ಸಾರಿಗೆ" ಎಂದು ಅಪ್ಪ ಹೇಳಿದಾಗ ಆ ಮುದುಕರು ಬಹಳ ಹೊತ್ತು ಅವನ ಮುಖ ನೋಡಿದರಂತೆ.

ಚಹಾಕ್ಕೆ ಹಾಕುವ, ನಿಂಬೆಯ ವಾಸನೆಯ ಹುಲ್ಲು ಚರ್ಚಿನ ಅಂಗಳದಲ್ಲೇ ಬೆಳೆದಿತ್ತು. ಅವ್ವ ತಾನು ಸಾಕಿದ ಒಂದು ಕೋಳಿ ಕೊಟ್ಟಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತಳು. ನಾನಿದ್ದ ಕಡೆಯಿಂದ ಅವಳ ಬೆನ್ನಷ್ಟೇ ಕಾಣುತ್ತಿತ್ತು. ತುರಿದ ಕಾಯಿಯ ಹಾಲೆಲ್ಲವನ್ನೂ ಒಮ್ಮೆಗೇ ಪಾತ್ರೆಗೆ ಸುರಿದು, ಅರ್ಧ ಕೋಳಿ, ಬೇರು, ಹುಲ್ಲು ಹಾಕಿ ಉರಿ ಜೋರು ಮಾಡಿದಳು. ಸ್ವಲ್ಪ ಹೊತ್ತಿನಲ್ಲೇ ಸಾರು ಕುದ್ದು ಒಡೆಯಿತು. ಎಣ್ಣೆ ಒಂದು ಕಡೆ, ನೀರು ಒಂದು ಕಡೆ, ನಡುವೆ ಮೊಸರಿನಂಥ ಹೆಪ್ಪುಗಳು.

ಅವ್ವ ಬಗ್ಗಿ ನೋಡಿದಳು. ಅತ್ತೆ ಸವಟನ್ನು ಕೆಳಗಿಟ್ಟಳು.

"ಖರೇ ಹೇಳ್ತೇನ್ರಿ ವೈನಿ. ನಾ ಇದನ್ನ ಎಂದೂ ಮಾಡೇ ಇಲ್ಲ. ಬರೇ ಉಂಡೇನಿ."

ಆಮೇಲೆ ಅವಳು ಹೇಳಿದ್ದು ಅಡುಗೆಮನೆಯ ಹೊಗೆಯ ಜೊತೆ ನನ್ನ ಹೊರಸಿನವರೆಗೂ ತೇಲಿ ಬಂತು. ಅಲ್ಲಿ ಅವರ ಮನೆಯಿದ್ದದ್ದು ಕಾಲುವೆಯ ದಂಡೆಯ ಮೇಲೆ. ಅವಳಿಗೊಂದು ಮಗು ಹುಟ್ಟಿತ್ತು, ಉಸಿರಿರಲಿಲ್ಲ. ಊರಿಗೆ ಬರೆದ ಕಾಗದಗಳಲ್ಲಿ ಅದನ್ನು ತಿಳಿಸಿರಲಿಲ್ಲ. ಅವಳು ಅನ್ನ ಬಿಟ್ಟು ಮಲಗಿದಾಗ ಕಾಲುವೆಯ ಆಚೆ ದಂಡೆಯ ಒಬ್ಬ ಹೆಂಗಸು ದಿನಾ ಚಿಕ್ಕ ದೋಣಿ ನಡೆಸಿಕೊಂಡು ಬಂದು, ಮುಚ್ಚಿದ ಬಟ್ಟಲಲ್ಲಿ ಈ ಸಾರು ತರುತ್ತಿದ್ದಳು. ಇವಳ ಮಾತು ಅವಳಿಗೆ ಬಾರದು, ಅವಳ ಮಾತು ಇವಳಿಗೆ ಬಾರದು. ಬಟ್ಟಲು ಖಾಲಿಯಾಗುವತನಕ ಎದುರಿಗೆ ಕೂತಿದ್ದು, ದೋಣಿ ಹತ್ತಿ ಹೋಗುತ್ತಿದ್ದಳು.

"ಒಂದ ತಿಂಗಳ ಹಂಗ ಬಂದಳ್ರಿ. ಹೆಂಗ ಮಾಡ್ತಾರಂತ ನಾ ಕೇಳಲೇ ಇಲ್ಲ."

ಅವ್ವ ಒಲೆಯಿಂದ ಎರಡು ಕಟ್ಟಿಗೆಗಳನ್ನು ಹೊರಗೆಳೆದಳು. ಉರಿ ತಗ್ಗಿತು.

"ನಮಗ ಒಂದ ಅಕ್ಷರ ಬರೀಲಿಲ್ಲಲ್ಲ ತಂಗಿ" ಎಂದಳು. ಕಣ್ಣೊರೆಸಿಕೊಂಡು ಅತ್ತೆಯ ಪಕ್ಕದಲ್ಲೇ ಕುಳಿತಳು. "ಇನ್ನ ಅರ್ಧಾ ಕೋಳಿ ಉಳದೈತಿ. ಕಾಯಿ ಹಾಲ ಒಡಿಲಾರದಂಗ ನಾ ನೋಡ್ಕೋತೇನಿ. ನಾಲಗಿ ನಿಂದು. ನೀ ರುಚಿ ನೋಡಿ ಹೇಳ."

ಅಂದೇ ಸಂಜೆ ಹಾಗೆಯೇ ಮಾಡಿದರು. ಅವ್ವ ಹೊಸ ಕಾಯಿ ತುರಿದು ಗಟ್ಟಿ ಹಾಲನ್ನು ಬೇರೆ ತೆಗೆದಿಟ್ಟಳು. ಬಿಸಿನೀರಲ್ಲಿ ನೆನೆಹಾಕಿದ ಕುಲಂಜನ, ಜಜ್ಜಿದ ಹುಲ್ಲು, ಹರಿದ ನಿಂಬೆಯ ಎಲೆ ಇಷ್ಟನ್ನೂ ತೆಳು ಹಾಲಿನಲ್ಲಿ ಸಣ್ಣ ಉರಿಯ ಮೇಲೆ ಇಟ್ಟಳು. ಕೋಳಿಯ ಎಳೆಯ ತುಂಡುಗಳು ಅದರಲ್ಲೇ ಮೆತ್ತಗೆ ಬೆಂದವು. ಅತ್ತೆ ಅಂಗೈಯಲ್ಲಿ ತೊಟ್ಟು ತೊಟ್ಟು ಹಾಕಿಸಿಕೊಂಡು, ಕಣ್ಣು ಮುಚ್ಚಿ ನೆಕ್ಕುತ್ತಿದ್ದಳು.

"ಹುಲ್ಲ ಸಾಕ್ರಿ. ಬೇರ ಇನ್ನಷ್ಟ ಬೇಕು... ಅಲ್ಲಿ ಮೀನದ ಉಪ್ಪನೀರ ಹಾಕ್ತಿದ್ರು."

"ಮೀನದ ನೀರ? ಅದೊಂದ ಬ್ಯಾಡವಾ, ಹುಡುಗಿ ಓಡಿ ಹೋದಾಳು."

ಅತ್ತೆ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಅವ್ವ ಉಪ್ಪನ್ನೇ ಹಾಕಿದಳು. ಕೊನೆಗೆ ಗಟ್ಟಿ ಹಾಲು ಸುರಿದು, ಕುದಿ ಬರುವ ಮೊದಲೇ ಪಾತ್ರೆ ಇಳಿಸಿದಳು. ಇಳಿಸಿದ ಮೇಲೆ ನಿಂಬೆಯ ರಸ ಹಿಂಡಿದಳು. ಅತ್ತೆ ಒಂದು ಗುಟುಕು ಕುಡಿದು, ಹೌದು, ಇದೇ ಎಂಬಂತೆ ತಲೆಯಾಡಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

ಬಟ್ಟಲು ನನ್ನ ಬಳಿಗೆ ಬಂತು. ಮೊದಲು ಬಂದದ್ದು ವಾಸನೆ. ಮಳೆ ನಿಂತ ಮೇಲೆ ಹುಲ್ಲಿನಿಂದೇಳುವ ಉಗಿಯ ಹಾಗೆ, ಅದರೊಳಗೆಲ್ಲೋ ಕರ್ಪೂರ. ನಾನು ಮುಖ ತಿರುಗಿಸಲಿಲ್ಲ. ಒಂದು ಚಮಚೆ ಒಳಗಿಳಿಯಿತು. ಬೆಚ್ಚಗೆ, ಸಿಹಿಯಾಗಿ, ಹಿಂದಿನಿಂದ ಹುಳಿ, ಅದರ ಹಿಂದೆ ಗಂಟಲು ತೆರೆಯುವಂಥ ಒಂದು ಸಣ್ಣ ಖಾರ. ನಾನು ಮಲಗಿದ್ದ ಹೊರಸು ದಂಡೆಗೆ ಮುಟ್ಟಿ ಮೆಲ್ಲನೆ ನಿಂತಂತಾಯಿತು. ಅವ್ವ ಒಂದು ಮಗ್ಗುಲಿಗೆ, ಅತ್ತೆ ಒಂದು ಮಗ್ಗುಲಿಗೆ ಕೂತಿದ್ದರು.

"ಇನ್ನೊಂದೀಟ ಹಾಕ" ಎಂದೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಬಟ್ಟಲು ತುಂಬಿಸಿದವಳು ಅತ್ತೆ.

ವಾರದೊಳಗೆ ಗೋಡೆ ಹಿಡಿದು ಅಂಗಳದವರೆಗೆ ನಡೆದೆ. ತಿಂಗಳು ಕಳೆದ ಮೇಲೆ ಶಾಲೆಗೂ ಹೋದೆ. ಅತ್ತೆ ಆ ಮಳೆಗಾಲದಲ್ಲಿ ಧಾರವಾಡದ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಮಕ್ಕಳು ಹಾಸಿಗೆ ಹಿಡಿದರೆ ಅವಳೇ ಈ ಸಾರು ಮಾಡಿ ಕುಡಿಸುತ್ತಿದ್ದಳಂತೆ. ಇಲ್ಲಿ ಅವ್ವ ನಮ್ಮ ಓಣಿಯ ಬಾಣಂತಿಯರಿಗೆ ಮಾಡಿ ಕೊಡುತ್ತಿದ್ದಳು. ಬರಬರುತ್ತ ಅದಕ್ಕೆ ಸ್ವಲ್ಪ ಜೀರಿಗೆ ಸೇರಿತು, ಎರಡು ಎಸಳು ಬೆಳ್ಳುಳ್ಳಿಯೂ ಸೇರಿತು.

ರಜೆಗೆ ಬಂದಾಗ ಅತ್ತೆ ಅದನ್ನು ಕುಡಿದು ಹುಬ್ಬು ಗಂಟಿಕ್ಕಿದಳು.

"ಇದು ಸಯಾಮದ್ದು ಅಲ್ರಿ ವೈನಿ."

"ಛಲೋ ಆಗಿಲ್ಲೇನ?" ಅವ್ವ ಕೇಳಿದಳು.

"ಭಾಳ ಛಲೋ ಆಗೇದ" ಎಂದ ಅತ್ತೆ ತಾನೇ ಎದ್ದು ಅಡುಗೆಮನೆಗೆ ಹೋಗಿ ಮತ್ತೊಂದು ಬಟ್ಟಲು ಹಾಕಿಕೊಂಡು ಬಂದಳು.