ನಮ್ಮ ಕಡೆಯ ಹಿರಿಯರು

ಯಾರೇನು ಹೇಳಿದರೂ 'ಆಯ್ತು' ಎನ್ನುವುದು ನನ್ನ ಹುಟ್ಟುಗುಣ. ಅಂಗಡಿಯವನು ಕೊಳೆತ ಟೊಮೆಟೊ ತೂಗಿದರೂ ಆಯ್ತು, ಬಸ್ಸಿನಲ್ಲಿ ಕರ್ಚೀಫು ಹಾಕಿಟ್ಟ ನನ್ನ ಸೀಟಿನಲ್ಲಿ ಬೇರೆಯವರು ಕುಳಿತರೂ ಆಯ್ತು. ಇದಕ್ಕೆ ಮದ್ದೆಂದು ಹೆಂಡತಿಯೇ ನನ್ನನ್ನು ಜೆಪ್ಪುವಿನ ತಾಳಮದ್ದಳೆ ಸಂಘಕ್ಕೆ ಸೇರಿಸಿದಳು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪುರಾಣದ ಪಾತ್ರಗಳಾಗಿ ಕುಳಿತಲ್ಲೇ ವಾದಿಸುವುದು. ಅಂಥವರ ಜೊತೆ ಕುಳಿತರೆ ನನಗೂ ನಾಲಿಗೆ ಹುಟ್ಟೀತು ಎಂಬುದು ಅವಳ ಆಸೆ.

ಭಾನುವಾರ ಸಂಜೆ ನನ್ನೆದುರು ಕೂರುತ್ತಿದ್ದವರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ನಾನು ಯಾವ ಪಾತ್ರ ಮಾಡಿದರೂ ಅದರ ವೈರಿ ಅವರೇ. ಕಥೆಯಲ್ಲಿ ಅವರು ಸಾಯಬೇಕಾದ ದಿನವೂ ಸಾಯಲೊಪ್ಪದೆ ವಾದಿಸುತ್ತಿದ್ದರು. ಪದ ಹೇಳುವ ಭಾಗವತರು ಬೇಸತ್ತು ಮಂಗಳ ಹಾಡಿಬಿಡುತ್ತಿದ್ದರು. ವರ್ಷಗಳು ಕಳೆದರೂ ನನಗೆ ನಾಲಿಗೆ ಹುಟ್ಟಲಿಲ್ಲ. ಊಟಕ್ಕೆ ಕುಳಿತು ಉಪ್ಪು ಕೇಳುವಾಗ ಹೆಂಡತಿಯನ್ನು 'ದೇವೀ' ಎಂದು ಕರೆಯತೊಡಗಿದೆ, ಅಷ್ಟೆ.

ಹೀಗಿರುವಾಗ ಮಗಳಿಗೆ ಸುರತ್ಕಲ್ಲಿನ ಒಂದು ಸಂಬಂಧ ಬಂತು. ಹುಡುಗನನ್ನು ಅವಳೂ ಮೆಚ್ಚಿದ್ದಳು. ಆದರೆ ಮದುವೆಯಾದ ಮೇಲೆ ನರ್ಸ್ ಕೆಲಸ ಬಿಡಬೇಕೆಂಬುದು ಹುಡುಗನ ಸೋದರಮಾವನ ಷರತ್ತು. ನಮ್ಮಲ್ಲಿ ಸೋದರಮಾವ ಹೇಳಿದರೆ ಮುಗಿಯಿತು. "ಪಪ್ಪಾ, ಅಲ್ಲಿ ಹೋಗಿ ಆಯ್ತು ಅಂತ ಮಾತ್ರ ಹೇಳ್ಬೇಡಿ" ಎಂದು ಮಗಳು ಕೈ ಹಿಡಿದುಕೊಂಡಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಾತುಕತೆಗೆ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗುವುದು ಕ್ರಮ. ನಮ್ಮ ಕಡೆಯಿಂದ ಮಾತಾಡಲು ಮ್ಯಾನೇಜರರನ್ನೇ ಕರೆದುಕೊಂಡು ನಾನೂ ಹೆಂಡತಿಯೂ ಹುಡುಗನ ಮನೆಗೆ ಹೋದೆವು.

ಗೋಳಿಬಜೆ, ಚಾ ಬಂತು. ಸೋದರಮಾವ ಷರತ್ತು ಹೇಳಿದರು. ಹುಡುಗ ನೆಲ ನೋಡುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು, "ಅಲ್ಲ, ಅವಳ ಕೆಲಸ..." ಎಂದೆ. ಪಕ್ಕದಲ್ಲಿದ್ದ ಮ್ಯಾನೇಜರರು ತಟ್ಟನೆ ಎದ್ದು, ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು ಕುಳಿತು, ಶಾಲನ್ನು ಹೆಗಲಿಗೇರಿಸಿದರು. ಅಲ್ಲಿಯವರೆಗೆ ತುಳುವಿನಲ್ಲಿದ್ದ ಮಾತು ಗ್ರಾಂಥಿಕ ಕನ್ನಡಕ್ಕೆ ಹಾರಿತು.

"ಏನೆಂದೆ? ಗೃಹಲಕ್ಷ್ಮಿಯಾಗಿ ಬರುವವಳಿಗೆ ಪರರ ಸೇವೆಯ ಹಂಗೇಕೆ?"

ನನ್ನ ದನಿ ಕೇಳಿದರೆ ಸಾಕು, ವಿರೋಧಿಸುವುದು ಆ ಮನುಷ್ಯನಿಗೆ ಅಭ್ಯಾಸವಾಗಿಹೋಗಿತ್ತು. ಕಣ್ಸನ್ನೆ ಮಾಡಿದೆ. ಕಾಲು ತುಳಿದೆ. ಅದನ್ನವರು ಅಭಿನಯ ಎಂದುಕೊಂಡರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೋದರಮಾವನಿಗೇ ಹೊಳೆಯದ ಕಾರಣಗಳನ್ನೆಲ್ಲ ಮ್ಯಾನೇಜರರು ಒಂದೊಂದಾಗಿ ಹೊರತೆಗೆದರು. ಸೋದರಮಾವ ಖುಷಿಯಿಂದ ಅವರ ತಟ್ಟೆಗೆ ಇನ್ನಷ್ಟು ಗೋಳಿಬಜೆ ಹಾಕಿದರು. ಅದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ಪರರ ಸೇವೆಯೇ?" ಎಂದೆ. "ನಿನ್ನ ಮನೆಯ ಹಿರಿಯ ಉಸಿರಿಗಾಗಿ ಒದ್ದಾಡುವಾಗ ಆಸ್ಪತ್ರೆಯ ಬಾಗಿಲಲ್ಲಿ ಯಾರ ದಾರಿ ಕಾಯುತ್ತೀಯೆ? ಅವಳು ಕಲಿತ ವಿದ್ಯೆ ಅವಳದು. ಬಿಡೆನ್ನಲು ಅದು ನಾನು ಕೊಟ್ಟದ್ದಲ್ಲ, ನೀನು ಕೊಟ್ಟದ್ದೂ ಅಲ್ಲ!"

ಅವರು ತಿರುಗಿ ಉತ್ತರಿಸಿದರು. ನಾನೂ ಬಿಡಲಿಲ್ಲ. ಇಷ್ಟು ವರ್ಷ ಅವರೆದುರು ಸುಮ್ಮನೆ ಕುಳಿತು ಕೇಳಿದ್ದೆಲ್ಲ ಎಲ್ಲಿ ಅಡಗಿತ್ತೋ, ಒಂದರ ಹಿಂದೊಂದು ಬಂತು. ಅವರದೇ ಏರಿಳಿತ, ಬೆರಳೆತ್ತುವ ರೀತಿಯೂ ಅವರದೇ. ಚಾ ಆರಿತು. ಕಡೆಗೆ ಸೋದರಮಾವ ಕೈಮುಗಿದರು.

"ಆಯ್ತು ಮಾರಾಯ್ರೆ, ಅವಳು ಕೆಲಸಕ್ಕೆ ಹೋಗ್ಲಿ. ನೀವು ಒಮ್ಮೆ ನಿಲ್ಲಿಸಿ."

"ಅದು ಹೇಗೆ? ನಾನಿನ್ನೂ ಸೋತಿಲ್ಲ!" ಎಂದರು ಮ್ಯಾನೇಜರರು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ನೀವು ಬೇಕೂಂತಲೇ ಹಾಗೆ ಮಾಡಿದ್ದಾ?"

"ಎಂತ ಬೇಕೂಂತ? ನನ್ನ ವಾದವೇ ಗಟ್ಟಿ ಉಂಟು ಮಾರಾಯ. ಅವರು ಮಧ್ಯೆ ಬಾಯಿ ಹಾಕಿದ್ದು."

ಜೆಪ್ಪು ಬರುವವರೆಗೂ ಅವರು ಮುನಿಸಿಕೊಂಡೇ ಇದ್ದರು. ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ನಡುದಾರಿಯಲ್ಲಿ ಇಳಿಸಿಬಿಡಬೇಕೆಂದೂ ಅನಿಸಿತು.

ಮುಂದಿನ ಭಾನುವಾರ ನಮ್ಮ ಸಂಘಕ್ಕೆ ಹುಡುಗ ಬಂದ. ಚಪ್ಪಲಿ ಕಳಚಿ ಬಾಗಿಲಲ್ಲೇ ನಿಂತ.

"ಅಂಕಲ್, ಅವತ್ತು ನಾನು ಹೇಳ್ಬೇಕಿದ್ದ ಮಾತು ನೀವು ಹೇಳಿದ್ದು. ಮಾವನ ಎದುರು ನನಗೆ ಬಾಯೇ ಬರುದಿಲ್ಲ. ಇಲ್ಲಿ ಕಲಿಸ್ತೀರಾ?"

ನಾನು ಸರಿದು ಚಾಪೆಯಲ್ಲಿ ಜಾಗ ಮಾಡಿಕೊಟ್ಟೆ. ಮ್ಯಾನೇಜರರು ಆಗಲೇ ಶಾಲನ್ನು ಹೆಗಲಿಗೇರಿಸಿಯಾಗಿತ್ತು.

"ಕೂತ್ಕೊಳ್ಳಿ" ಎಂದರು. "ನಾನು ನಿಮ್ಮ ಮಾವ."