ಕಾಕಾ ತಂದ ನೀಲಿ ಕಲ್ಲು

ಇವತ್ತು ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಆ ಹುಳಿ ವಾಸನೆ ನನ್ನನ್ನು ನಮ್ಮೂರು ಸಂಖದ ಮನೆಯ ಹಿತ್ತಲಿಗೆ ಕರೆದುಕೊಂಡು ಹೋಯಿತು.

ಅಪ್ಪನ ತಮ್ಮ, ನಮ್ಮ ಕಾಕಾ, ಲಾರಿ ಓಡಿಸುತ್ತಿದ್ದ. ದಾಳಿಂಬೆ ಹೇರಿಕೊಂಡು ರಾಜಸ್ಥಾನಕ್ಕೆ ಹೋದಾಗಲೆಲ್ಲ, ಅಲ್ಲಿನ ಹಳೆಯ ತಾಮ್ರದ ಗಣಿಯ ಹೊರಗೆ ಸುರಿದ ರಾಶಿಯಲ್ಲಿ ಬಣ್ಣದ ಕಲ್ಲು ಹುಡುಕಿ ತರುತ್ತಿದ್ದ. ಹೆಚ್ಚಿನವು ಹಸಿರು. ಒಮ್ಮೆ ಮಾತ್ರ ಅಂಗೈಯಗಲದ ಕಲ್ಲೊಂದನ್ನು ತಂದ. ಅದರ ಕುಳಿಯ ತುಂಬ ಮಖಮಲ್ಲಿನಂಥ ನೀಲಿ ಎಳೆಗಳಿದ್ದವು.

"ಮುಟ್ಟಬ್ಯಾಡವ್ವಾ, ಬರೇ ನೋಡು. ಇಷ್ಟ ವರ್ಷದಾಗ ಇಂಥಾದ್ದು ಇದೊಂದ ಸಿಕ್ಕೈತಿ," ಎಂದು ಮೆಲ್ಲಗೆ ಹೇಳಿದ.

ಮರುದಿನ ಅವನು ಮಲಗಿದ್ದಾಗ ಅವನ ತಾಯಿ, ನಮ್ಮ ಆಯಿ, ಹಿತ್ತಲಲ್ಲಿ ತಾಮ್ರದ ಪಾತ್ರೆ ತೊಳೆಯಲು ಕೂತಳು. ಮಗ ಅಷ್ಟು ದೂರದಿಂದ ತಂದ ಕಲ್ಲನ್ನೂ ಹುಣಸೆನೀರಿನಲ್ಲಿ ನೆನೆಸಿ, ನಾರಿನಿಂದ ತಿಕ್ಕಿದಳು. ಕಾಕಾ ಎದ್ದು ಬಂದಾಗ ಬೋಳು ಬೂದು ಕಲ್ಲನ್ನು ಅವನ ಕೈಗಿಟ್ಟಳು.

"ಕಿಲಬ ಹತ್ತಿತ್ತು, ತೊಳದೀನಿ ನೋಡಪಾ. ಎಷ್ಟ ಸ್ವಚ್ಛ ಆತು."

ಕಾಕಾ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಆಮೇಲೆ, "ಚಲೋ ಆತು ಬಿಡಬೇ," ಎಂದ.

ಆಯಿಗೆ ಕೊನೆಯವರೆಗೂ ಏನು ಹೋಯಿತೆಂದು ಗೊತ್ತಾಗಲಿಲ್ಲ. ಆ ಕಲ್ಲನ್ನು ದೇವರ ಜಗಲಿಯ ಮೇಲೆ ಇಟ್ಟು, ಬಂದವರಿಗೆಲ್ಲ ಮಗ ತಂದದ್ದೆಂದು ತೋರಿಸುತ್ತಿದ್ದಳು. ಕಾಕಾ ಮತ್ತೆ ಕಲ್ಲು ತರಲಿಲ್ಲ.

ಈಗ ಇಬ್ಬರೂ ಇಲ್ಲ. ಈ ಕಥೆ ಕೇಳಿದ ನನ್ನ ಮಗಳು, "ಎಂಥಾ ನೀಲಿ ಇತ್ತಬೇ ಅದು?" ಎಂದಳು. ಹೇಳಲು ಹೋದೆ, ಹೇಳಲಾಗಲಿಲ್ಲ. ಅದನ್ನು ಕಂಡವರಲ್ಲಿ ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ.